ಮಡಿಕೆಯ ಮೇಲಿನ ಅರ್ಧ ಮುಖ

ನನ್ನ ಕತ್ತರಿಯ ವಿಷಯ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಮರೆತುಹೋದೀತು. ಅದರ ಕಚಕಚ ಸದ್ದು ಕೇಳಿದರೆ ಸಾಕು, ಬಟ್ಟೆ ತಾನಾಗಿಯೇ ಎರಡಾಗಿ ಪಕ್ಕಕ್ಕೆ ಸರಿದು ಕೈಕಟ್ಟಿ ನಿಲ್ಲುತ್ತದೆ. ಒಮ್ಮೆ ಒಬ್ಬ ಗಿರಾಕಿ ಫೋನಿನಲ್ಲಿ ಮಾತಾಡಿದ್ದಷ್ಟೇ. ಆ ದನಿಯ ದಪ್ಪ ಕೇಳಿಯೇ ಕೋಟು ಕತ್ತರಿಸಿ ಕಳಿಸಿದೆ. ಹಾಕಿಕೊಂಡ ಮನುಷ್ಯ ಬಿಚ್ಚಲು ಒಪ್ಪದೆ ಕೋಟಿನಲ್ಲೇ ಸ್ನಾನ ಮಾಡುತ್ತಾನೆಂದು ಅವನ ಹೆಂಡತಿ ನನ್ನ ಮೇಲೆ ದೂರು ತಂದಳು. ಇಂಥ ನಾನು, ಬೇಕರಿಯ ಮೇಲಿನ ಮಹಡಿಯಲ್ಲಿರುವ ನಮ್ಮ ಹೊಲಿಗೆ ಶಾಲೆಯ ಕಟಿಂಗ್ ಮಾಸ್ಟರ್.

ನನ್ನ ಮೂಗಿನ ವಿಷಯವನ್ನೂ ಹೇಳಬೇಕು. ಈ ಕತೆಯಲ್ಲಿ ಅದಕ್ಕೆ ದೊಡ್ಡ ಪಾತ್ರವಿದೆ. ನಾನು ಮೆಟ್ಟಿಲು ಹತ್ತಿ ಬರುವಾಗ ಅದು ಮೊದಲು ಒಳಗೆ ಹೋಗಿ ಹಾಜರಿ ಹಾಕಿಸುತ್ತದೆ, ಉಳಿದ ನಾನು ಹಿಂದಿನಿಂದ ಬರುತ್ತೇನೆ.

ಕತೆ ಮಾತ್ರ ನನ್ನದಲ್ಲ, ಇದ್ದಿಲಿನದು. ಇದ್ದಿಲು ಎಂದರೆ ನನ್ನ ಅಕ್ಕನ ಮಗಳು. ಅಂಬೆಗಾಲಿಡುವಾಗಲೇ ಇದ್ದಿಲಿನ ಚೂರು ಹಿಡಿದು ಮನೆಯ ಗೋಡೆಗೆಲ್ಲ ಚಿತ್ರ ಬರೆದವಳು. ಸುಣ್ಣ ಬಳಿಯುವವನು ನಮ್ಮದೊಂದು ಮನೆಯ ಸಂಪಾದನೆಯಲ್ಲೇ ಮಾಳಿಗೆ ಕಟ್ಟಿಸಿದ. ಬೆಳೆದ ಮೇಲೆ ಅದೇ ಕೈ ನಂಬರ್ ಪ್ಲೇಟ್ ಬರೆಯುವ ಅಂಗಡಿಯಲ್ಲಿ ಸಿಕ್ಕಿಹಾಕಿಕೊಂಡಿತು. ಬೆಳಗಿನಿಂದ ಸಂಜೆಯವರೆಗೆ ಅಂಕಿ, ಅಕ್ಷರ, ಮತ್ತೆ ಅಂಕಿ.

"ಮಾವ, ಕನಸಲ್ಲೂ ನಂಬರ್ ಬರುತ್ತೆ," ಎಂದಳು ಒಂದು ದಿನ. "ಅದರ ಹಿಂದೆ ಗಾಡಿ ಮಾತ್ರ ಬರಲ್ಲ."

ಅವಳನ್ನು ಕರೆದುಕೊಂಡು ನೇರ ನಮ್ಮ ಯಜಮಾನಮ್ಮನ ಹತ್ತಿರ ಹೋದೆ.

ಯಜಮಾನಮ್ಮನಿಗೆ ನಾವೆಲ್ಲ ಬೆನ್ನ ಹಿಂದೆ ಇಟ್ಟ ಹೆಸರು ಇಸ್ತ್ರಿಯಮ್ಮ. ಮುಖದಲ್ಲಿ ನಗುವಿನ ಒಂದು ಸುಕ್ಕನ್ನೂ ಯಾರೂ ಕಂಡವರಿಲ್ಲ. ಗಾಜಿನ ಗೋಡೆಯ ತಮ್ಮ ಕೋಣೆಯಲ್ಲಿ ಕೂತರೆಂದರೆ ಕಿಟಕಿಯಲ್ಲಿ ಅಂಗಿ ತೊಡಿಸಿ ನಿಲ್ಲಿಸಿದ ಬೊಂಬೆಗೂ ಅವರಿಗೂ ಇದ್ದ ವ್ಯತ್ಯಾಸ ಕನ್ನಡಕ ಒಂದೇ. ಗಂಡನ ಮನೆಯಿಂದ ಬಂದ ಶಾಲೆ ಇದು, ಇಲ್ಲಿ ಹೊಲಿದದ್ದು ಇಲ್ಲೇ ಮಾರಾಟ. ಸ್ವತಃ ಅವರು ಸೂಜಿ ಹಿಡಿದವರಲ್ಲ. ಆದರೆ ಹೊಲಿದ ಬಟ್ಟೆ ನೋಡಿ ಇದು ಓಡುತ್ತದೆ, ಇದು ಮಾರಾಟವಾಗದೆ ಕೂರುತ್ತದೆ ಎಂದು ಹೇಳಿದರೆ ಆ ಮಾತು ಸುಳ್ಳಾದದ್ದಿಲ್ಲ. ಅವರ ಚಿಂತೆಯೂ ಅದೇ ಆಗಿತ್ತು. ಎದುರು ಸಾಲಿನಲ್ಲಿ ಹೊಸ ಬಟ್ಟೆ ಅಂಗಡಿ ಬಂದಿತ್ತು. ನಮ್ಮ ಕಿಟಕಿಯ ಬೊಂಬೆ ಮಾತ್ರ ಯಾವ ಕಾಲದಿಂದಲೋ ಅದೇ ಅಂಗಿ ಹಾಕಿಕೊಂಡು ನಿಂತಿತ್ತು.

"ನಮ್ಮವರು ಕೊಟ್ಟ ನಮೂನೇನ ಚೆನ್ನಾಗಿ ಹೊಲೀತಾರೆ ಮಾಸ್ಟ್ರೇ," ಎಂದರು. "ತಾವಾಗಿ ಏನೂ ಹುಟ್ಟಿಸಲ್ಲ. ನಿಮ್ಮ ಹುಡುಗಿ ಏನು ಮಾಡ್ತಾಳೆ?"

ಇದ್ದಿಲು ತಾನೇ ಉತ್ತರ ಕೊಟ್ಟಳು. ಕಲಿಯುವವರು ಒಬ್ಬೊಬ್ಬರೂ ಒಂದು ಚಿತ್ರಪುಸ್ತಕ ಇಟ್ಟುಕೊಳ್ಳಬೇಕು, ದಿನಕ್ಕೊಂದು ಪುಟ ಬರೆಯಬೇಕು, ತಾನು ದಿನವೂ ಒಂದು ಹೊಸ ಅಭ್ಯಾಸ ಕೊಡುತ್ತೇನೆ ಎಂದಳು. ಕೈ ಸಡಿಲವಾದರೆ ತಲೆಯೂ ಸಡಿಲವಾಗುತ್ತದಂತೆ.

ಇಸ್ತ್ರಿಯಮ್ಮ ಕನ್ನಡಕ ಸರಿಮಾಡಿಕೊಂಡರು. "ಟರ್ಮ್ ಮುಗಿಯೋ ಹೊತ್ತಿಗೆ ಇವರ ಕೈಯಿಂದ ಒಂದೇ ಒಂದು ಹೊಸ ನಮೂನೆ ಹುಟ್ಟಲಿ. ಹುಟ್ಟಿದ್ರೆ ನಿನ್ನ ಕೆಲಸ ಖಾಯಂ. ಇಲ್ಲಾಂದ್ರೆ ನೀನುಂಟು, ನಿನ್ನ ನಂಬರ್ ಪ್ಲೇಟುಂಟು."

ಹೀಗೆ ಶುರುವಾಯಿತು. ಪುಸ್ತಕ ಕೊಳ್ಳುವ ಗೋಜಿಗೆ ನಾವು ಹೋಗಲಿಲ್ಲ. ನಮೂನೆ ಬರೆಯುವ ಕಂದು ಕಾಗದ ಮಡಿಸಿ, ಮಡಿಕೆಯ ಮೇಲೆ ಮಿಷನ್ನಿನಲ್ಲೇ ಹೊಲಿಗೆ ಓಡಿಸಿ, ಒಂದು ಮಧ್ಯಾಹ್ನದಲ್ಲಿ ಎಲ್ಲರೂ ತಂತಮ್ಮ ಪುಸ್ತಕ ಹೊಲಿದುಕೊಂಡರು. ನಾನೂ ಒಂದು ಹೊಲಿದೆ. ನನ್ನದರ ಹೊಲಿಗೆ ಎಷ್ಟು ನೇರವಾಗಿತ್ತೆಂದರೆ ಊರಿನ ರಸ್ತೆಗಳು ನಾಚಿ ಒಂದಷ್ಟು ನೆಟ್ಟಗಾದವು.

ಮೊದಲ ದಿನದ ಅಭ್ಯಾಸ ಕೇಳಿಯೇ ತರಗತಿಗೆ ಗರ ಬಡಿಯಿತು.

"ಮೊದಲ ಪುಟಾನ ಹಾಳು ಮಾಡಿ," ಎಂದಳು ಇದ್ದಿಲು.

ಹೊಲಿಗೆಯವರ ಮುಂದೆ ಹಾಳು ಮಾಡು ಎನ್ನುವುದೂ ಅಡುಗೆಯವನ ಮುಂದೆ ಉಪ್ಪು ಚೆಲ್ಲು ಎನ್ನುವುದೂ ಒಂದೇ. ನಮ್ಮಲ್ಲಿ ಡ್ರೈವರಣ್ಣ ಎಂಬಾತನಿದ್ದ. ಬಸ್ಸು ಓಡಿಸಿ ಸೊಂಟ ಹಿಡಿದು, ಈಗ ಹೊಲಿಗೆ ಕಲಿಯಲು ಬಂದ ಹಿರಿಯ. ಆತ ಮೆಲ್ಲಗೆ ಕೇಳಿದ, "ಎಷ್ಟು ಹಾಳು ಮಾಡ್ಬೇಕಮ್ಮ? ಅಳತೆ ಹೇಳಿದ್ರೆ ಒಳ್ಳೇದಿತ್ತು."

"ಕೈ ಕೆಸರಾದ್ರೆ ತಾನೇ ಅಣ್ಣ ಬಾಯಿ ಮೊಸರು," ಎಂದು ಅವಳು ತನ್ನ ಟೀ ಲೋಟವನ್ನು ಅವನ ಪುಟದ ಮೇಲೆ ಕುಕ್ಕಿದಳು. ಕಂದು ಬಳೆಯಂಥ ಕಲೆ ಬಿತ್ತು. "ಈಗ ಇದು ಏನು ಅಂತ ನೋಡಿ ಬರೀರಿ. ಸೂರ್ಯನೋ ಚಕ್ರಾನೋ, ನಿಮ್ಮಿಷ್ಟ."

ಡ್ರೈವರಣ್ಣ ಬಹಳ ಹೊತ್ತು ಯೋಚಿಸಿ, ಟೇಪು ತೆಗೆದು ಕಲೆಯ ಸುತ್ತಳತೆ ತೆಗೆದುಕೊಂಡು ಪಕ್ಕದಲ್ಲಿ ಬರೆದಿಟ್ಟ.

ಆಮೇಲಾಮೇಲೆ ಒಗ್ಗಿತು. ಮಿಷನ್ನಿನ ಸದ್ದನ್ನು ಗೆರೆಯಲ್ಲಿ ಬರೆಯಿರಿ ಎಂದರೆ ಬರೆದರು. ಇವತ್ತಿನ ಮನಸ್ಸು ಯಾವ ಬಣ್ಣ, ಆ ಬಣ್ಣದ ಚಿಂದಿ ಹುಡುಕಿ ಅಂಟಿಸಿ ಎಂದಾಗ ಚಿಂದಿಯ ಬುಟ್ಟಿಯ ಸುತ್ತ ನಡೆದದ್ದು ಮಹಾಯುದ್ಧ. ಗುಂಡಿ ಎಂಬ ನಮ್ಮ ಎಡಗೈ ಹುಡುಗಿಯದು ಕಾಜಾ, ಅಂದರೆ ಗುಂಡಿಯ ತೂತು, ಹೊಲಿಯುವುದರಲ್ಲಿ ಎತ್ತಿದ ಕೈ, ಅದಕ್ಕೇ ಆ ಹೆಸರು. ಅವಳು ಅತ್ತೆಯ ಜೊತೆ ಜಗಳವಾಡಿ ಬಂದ ದಿನ ಇಡೀ ಪುಟಕ್ಕೆ ಒರಟು ಗೋಣಿಬಟ್ಟೆ ಅಂಟಿಸಿದಳು. ಪೆನ್ಸಿಲ್ ಎತ್ತದೆ ಇಸ್ತ್ರಿಪೆಟ್ಟಿಗೆ ಬರೆಯಿರಿ ಎಂದ ದಿನ ನಾನು ಬರೆದ ಇಸ್ತ್ರಿಪೆಟ್ಟಿಗೆಯಿಂದ ಹೊಗೆ ಬರುತ್ತಿತ್ತು. ಪಕ್ಕದಲ್ಲಿದ್ದವರು ನೀರು ಚಿಮುಕಿಸಿದರು.

ಆದರೆ ಒಂದು ರೋಗ ಮಾತ್ರ ಬಿಡಲಿಲ್ಲ. ಎಲ್ಲರ ಗೆರೆಯೂ ಸ್ಕೇಲು ಕೇಳುತ್ತಿತ್ತು. ಹೊಸ ನಮೂನೆಯಂತೂ ದೂರದ ಮಾತು. ಟರ್ಮಿನ ಕೊನೆಯ ವಾರ ಬಂತು. ನಂಬರ್ ಪ್ಲೇಟಿನವನು, ಜಾಗ ಇನ್ನೂ ಖಾಲಿ ಇದೆ, ಬರ್ತೀಯೋ ಇಲ್ವೋ, ಇವತ್ತು ಮಧ್ಯಾಹ್ನ ಬಂದು ಹೇಳು ಎಂದು ಕರೆ ಕಳಿಸಿದ. ಇದ್ದಿಲಿನ ಮುಖ ಅವಳ ಅಡ್ಡಹೆಸರಿನ ಬಣ್ಣಕ್ಕೆ ತಿರುಗಿತು.

"ನೀನು ಹೋಗಿ ಬಾ ಕಣೇ," ಎಂದೆ. "ತರಗತಿ ನಾನು ನೋಡ್ಕೋತೀನಿ. ನಾನು ಇರೋವಾಗ ಏನು ಭಯ?"

"ಅದೇ ಭಯ ಮಾವ," ಎಂದಳು. ಆದರೂ ಹೊರಟಳು. ಹೋಗುವ ಮುಂಚೆ ಎಲ್ಲರಿಗೂ ಹೇಳಿದಳು, "ಇವತ್ತು ಮುಖ ಬರೀರಿ. ಈ ಜಾಗದಲ್ಲಿ ಇರೋ ಒಬ್ಬರ ಮುಖ. ಟೇಪು, ಸ್ಕೇಲು ಎರಡೂ ಡಬ್ಬಿ ಒಳಗೆ. ಕಣ್ಣಿಗೆ ಕಂಡಷ್ಟೇ ಬರೀರಿ, ಗೊತ್ತಿರೋದನ್ನ ಬರೀಬೇಡಿ."

ಅವಳು ಮೆಟ್ಟಿಲಿಳಿದ ಕೂಡಲೇ ನಾನು ಕಟಿಂಗ್ ಟೇಬಲ್ ಮೇಲೆ ಹತ್ತಿ ಕೂತೆ. ಮುಖ ಎಂದ ಮೇಲೆ ನನ್ನದನ್ನು ಬಿಟ್ಟು ಬರೆಯಲು ಇನ್ಯಾರದಿದೆ? ಆದರೂ ಅರ್ಧ ತರಗತಿ ಗಾಜಿನ ಗೋಡೆಯ ಕಡೆ ತಿರುಗಿ ಇಸ್ತ್ರಿಯಮ್ಮನನ್ನು ಆರಿಸಿಕೊಂಡಿತು. ಅವರು ಅಲುಗುವುದಿಲ್ಲ, ನಾನು ಮಾತು ನಿಲ್ಲಿಸುವುದಿಲ್ಲ, ಅದೇ ಕಾರಣವಂತೆ. ಅಸೂಯೆ.

ಡ್ರೈವರಣ್ಣ ಪೆನ್ಸಿಲ್ ಹಿಡಿದು ಬೆವರುತ್ತ ಕೂತಿದ್ದ. "ಮಾಸ್ಟ್ರೇ, ಎಲ್ಲಿಂದ ಶುರು ಮಾಡೋದು? ಮುಖಕ್ಕೆ ತುದಿ ಬುಡ ಏನೂ ಕಾಣ್ತಿಲ್ಲ."

"ಅಂಗಿ ಎಲ್ಲಿಂದ ಶುರು ಮಾಡ್ತೀಯೋ ಮಾರಾಯ?" ಎಂದೆ. "ಮಡಿಕೆಯಿಂದ ತಾನೇ? ಬಟ್ಟೆ ಮಡಿಸಿ, ಮಡಿಕೆ ಮೇಲೆ ಅರ್ಧ ನಮೂನೆ ಬರೆದು ಕತ್ತರಿಸಿದ್ರೆ, ಬಿಚ್ಚಿದಾಗ ಇಡೀ ಅಂಗಿ. ಮುಖಾನೂ ಹಾಗೇ. ಒಂದು ಕಣ್ಣು, ಅರ್ಧ ಮೂಗು, ಅರ್ಧ ಬಾಯಿ ಬರೆದ್ರೆ ಸಾಕು. ಇನ್ನರ್ಧ ಪುಕ್ಕಟೆ."

ಇಡೀ ಕೋಣೆಯ ಉಸಿರು ಒಮ್ಮೆಗೇ ಸಡಿಲವಾಯಿತು. ಗೊತ್ತಿದ್ದ ದಾರಿ ಸಿಕ್ಕಿತಲ್ಲ. ಬಲಗೈಯವರು ಪುಸ್ತಕದ ನಡುವಿನ ಹೊಲಿಗೆಯನ್ನೇ ಮಡಿಕೆ ಎಂದು ಹಿಡಿದು ಬಲಪುಟದಲ್ಲಿ ಬರೆದರು. ಎಡಗೈಯ ಗುಂಡಿ ಎಡಪುಟದಲ್ಲಿ ಬರೆದಳು. ಕಣ್ಣೆತ್ತಿ ನೋಡುವುದು, ಬರೆಯುವುದು, ಮತ್ತೆ ನೋಡುವುದು. ಆ ಮಧ್ಯಾಹ್ನ ಯಾರೂ ಸ್ಕೇಲು ಕೇಳಲಿಲ್ಲ. ಎಲ್ಲ ನನ್ನ ಪ್ರಭಾವ.

ಇದ್ದಿಲು ವಾಪಸು ಬಂದದ್ದು ಸಪ್ಪೆ ಮುಖ ಹೊತ್ತು. ನಂಬರ್ ಪ್ಲೇಟಿನವನಿಗೆ ಸಂಜೆಯೊಳಗೆ ಹೇಳುತ್ತೇನೆ ಎಂದು ಬಂದಿದ್ದಳು. ಅವಳು ಚಪ್ಪಲಿ ಬಿಡುವಷ್ಟರಲ್ಲಿ ಗಾಜಿನ ಬಾಗಿಲು ತೆರೆಯಿತು. ಇಸ್ತ್ರಿಯಮ್ಮ.

"ನಾಳೆ ನಾಡಿದ್ದು ನನಗೆ ಬಿಡುವಿಲ್ಲ," ಎಂದರು. "ಪುಸ್ತಕ ಇವತ್ತೇ ನೋಡ್ತೀನಿ."

ಎಲ್ಲರೂ ಪುಸ್ತಕಗಳನ್ನು ಕಟಿಂಗ್ ಟೇಬಲ್ ಮೇಲೆ ಜೋಡಿಸಿದರು. ಹೊಸದಾಗಿ ಬರೆದ ಪುಟವೇ ಮೇಲಿತ್ತು. ಇಸ್ತ್ರಿಯಮ್ಮ ಡ್ರೈವರಣ್ಣನ ಪುಸ್ತಕ ನೋಡಿದರು. ಬಲಪುಟದಲ್ಲಿ ಒಂದು ಕನ್ನಡಕದ ಗಾಜು, ಅರ್ಧ ಮೂಗು, ಅರ್ಧ ಬಾಯಿ, ದುಂಡು ಕಾಲರಿನ ಅರ್ಧ. ಎಡಪುಟ ಖಾಲಿ. ಅವರು ಮುಂದಿನ ಪುಸ್ತಕ ನೋಡಿದರು. ಅರ್ಧ. ಅದರ ಮುಂದಿನದು. ಅರ್ಧ. ಒಬ್ಬ ಪುಣ್ಯಾತ್ಮನಂತೂ ಅಭ್ಯಾಸಬಲದಿಂದ ಪುಟ ಮಡಿಸಿ ಕತ್ತರಿಸಿಯೇ ಬಿಟ್ಟಿದ್ದ. ಅಲ್ಲಿ ಮುಖವಿರಲಿಲ್ಲ, ಮುಖದ ಆಕಾರದ ಕಿಟಕಿಯಿತ್ತು. ಅದನ್ನೆತ್ತಿ ಹಿಡಿದು ನೋಡಿದ ಇಸ್ತ್ರಿಯಮ್ಮನಿಗೆ ಆಚೆ ಬದಿಯಲ್ಲಿ ನಾನು ಕಂಡೆ.

"ಉಳಿದರ್ಧ ಎಲ್ಲಿ?" ಎಂದು ಕೇಳಿದರು.

ಡ್ರೈವರಣ್ಣನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಮಡಿಕೆ ಮೇಲಿದೆಯಲ್ಲಮ್ಮ. ಬಿಚ್ಚಿದ್ರೆ ಬರುತ್ತೆ."

"ಬಿಚ್ಚೇ ಇದೆ. ಬಂದಿಲ್ಲ."

ಆಗ ಡ್ರೈವರಣ್ಣನೂ ಬಗ್ಗಿ ನೋಡಿದ. ಬಂದಿರಲಿಲ್ಲ. ಬರೆದ ಚಿತ್ರವನ್ನು ಬಟ್ಟೆಯ ಹಾಗೆ ಯಾರೂ ಕತ್ತರಿಸಿ ಬಿಚ್ಚುವುದಿಲ್ಲ ಎಂಬ ಸಂಗತಿ ಇಡೀ ತರಗತಿಗೆ ಹೊಳೆದದ್ದು ಆ ಗಳಿಗೆಯಲ್ಲಿ. ಹೊಳೆದರೂ ತಡವಾಗಿತ್ತು.

"ಮತ್ತೆ ಇದೇನು, ಮುಖದ ಸುತ್ತ ಚುಕ್ಕೆ ಚುಕ್ಕೆ?"

"ಮಾರ್ಜಿನ್ನು ಅಮ್ಮ," ಎಂದ ಡ್ರೈವರಣ್ಣ, ದನಿ ಇಳಿಸಿ. "ಮುಂದೆ ತಾವು ಸ್ವಲ್ಪ ದಪ್ಪ ಆದ್ರೆ ಬಿಚ್ಚಿ ಹೊಲಿಯೋಕೆ."

ಯಾರೋ ಕೆಮ್ಮಿದರು. ಇಸ್ತ್ರಿಯಮ್ಮನ ಮುಖದಲ್ಲಿ ಸುಕ್ಕು ಮೂಡಲಿಲ್ಲ. ಪುಸ್ತಕ ಕೆಳಗಿಟ್ಟರು. "ಹೊಸ ನಮೂನೆ ಹುಟ್ಟಿಸ್ತೀನಿ ಅಂದೆ. ಇಡೀ ಮುಖವೇ ಹುಟ್ಟಿಲ್ಲವಲ್ಲಮ್ಮ. ಅರ್ಧ ಮಾಡಿ ಬಿಡೋ ಕೆಲಸ ನನಗೆ ಆಗಲ್ಲ."

ಇದ್ದಿಲು ನನ್ನ ಕಡೆ ನೋಡಿದಳು. ಆ ನೋಟಕ್ಕೆ ಬೇಕರಿಯ ಒಲೆ ಹೊತ್ತಿಕೊಂಡೀತು. ನಾನು ಮೇಲಿನ ಫ್ಯಾನಿನ ಸುತ್ತು ಎಣಿಸುತ್ತ ನಿಂತೆ. ಅವಳು ತಲೆ ತಗ್ಗಿಸಿ ಡ್ರೈವರಣ್ಣನ ಪುಸ್ತಕ ಎತ್ತಿಕೊಂಡಳು, ಮುಚ್ಚಿ ಕೊಟ್ಟುಬಿಡಲೆಂದೇ. ಮುಚ್ಚಲಿಲ್ಲ. ಹತ್ತಿರ ಹಿಡಿದು ನೋಡಿದಳು. ಗುಂಡಿಯ ಪುಸ್ತಕ ತೆಗೆದುಕೊಂಡು ಅದನ್ನೂ ನೋಡಿದಳು.

"ಅಮ್ಮ, ಹೀಗೆ ಬರೀರಿ ಅಂತ ನಾನು ಹೇಳಿರಲಿಲ್ಲ," ಎಂದಳು. "ಯಾರು ಹೇಳಿದ್ದು ಅಂತ ಮನೇಲಿ ವಿಚಾರಿಸ್ಕೋತೀನಿ. ಆದ್ರೆ ಈ ಗೆರೆ ನೋಡಿ. ಇಷ್ಟು ದಿನ ಇವರ ಕೈಯಿಂದ ಇಂಥ ಗೆರೆ ಬಂದಿರಲಿಲ್ಲ. ನಿಮ್ಮ ಕನ್ನಡಕ ಒಂಚೂರು ಕೆಳಗೆ ಜಾರಿರುತ್ತೆ, ಯೋಚನೆ ಮಾಡ್ತಾ ಕೆನ್ನೆ ಒಳಗಿಂದ ಕಚ್ಕೋತೀರಿ. ಡ್ರೈವರಣ್ಣ ಅದನ್ನೇ ಬರೆದಿದ್ದಾರೆ. ಇದು ನೋಡಿ ಬರೆದದ್ದು. ಗೊತ್ತಿದ್ದನ್ನ ಬರೆದದ್ದಲ್ಲ."

ಇಸ್ತ್ರಿಯಮ್ಮ ಕಚ್ಚಿಕೊಂಡಿದ್ದ ಕೆನ್ನೆಯನ್ನು ಬಿಟ್ಟರು. "ಸರಿ. ಆದ್ರೂ ಅರ್ಧ ಅರ್ಧಾನೇ."

"ಅರ್ಧ ಇಲ್ಲಿದೆ," ಎಂದಳು ಇದ್ದಿಲು, ನಿಧಾನವಾಗಿ. "ಇನ್ನರ್ಧ..."

ಅವಳು ಡ್ರೈವರಣ್ಣನ ಖಾಲಿ ಎಡಪುಟವನ್ನು ಹಿಂದಕ್ಕೆ ಮಡಿಸಿದಳು. ಗುಂಡಿಯ ಖಾಲಿ ಬಲಪುಟವನ್ನೂ ಹಿಂದಕ್ಕೆ ಮಡಿಸಿದಳು. ಎರಡು ಪುಸ್ತಕಗಳನ್ನೂ ಹೊಲಿಗೆಗೆ ಹೊಲಿಗೆ ತಾಗಿಸಿ ಟೇಬಲ್ ಮೇಲೆ ಇಟ್ಟಳು. ಇಡೀ ಒಂದು ಮುಖ ನಮ್ಮನ್ನು ನೋಡಿತು.

ಎಡಗಡೆ ನಾನು. ಅರ್ಧ ಮೀಸೆ, ಮೇಲೇರಿದ ಒಂದು ಹುಬ್ಬು, ಮತ್ತು ಪುಟ ಸಾಲದೆ ಸೊಟ್ಟಗಾಗಿದ್ದ ನನ್ನ ಮೂಗಿನ ಅರ್ಧ. ಬಲಗಡೆ ಇಸ್ತ್ರಿಯಮ್ಮ. ಒಂದು ಕನ್ನಡಕದ ಗಾಜು, ಬಿಗಿದ ಅರ್ಧ ಬಾಯಿ, ಕಿವಿಯಲ್ಲಿ ಓಲೆ. ಸುತ್ತ ದಪ್ಪ ಆದರೆ ಇರಲಿ ಎಂದು ಮಾರ್ಜಿನ್ನಿನ ಚುಕ್ಕೆ.

ಎಲ್ಲರೂ ಹೊಟ್ಟೆ ಹಿಡಿದುಕೊಂಡು, ಬಾಯೊಳಗೆ ಸೆರಗು, ತೋಳು, ಸಿಕ್ಕಿದ ಚಿಂದಿ ತುರುಕಿಕೊಂಡು ನಿಂತಿದ್ದರು.

"ಇವರಿಬ್ಬರಿಗೆ ಮಗು ಹುಟ್ಟಿದ್ರೆ ಹೀಗೇ ಇರುತ್ತೆ," ಎಂದಳು ಗುಂಡಿ, ತನ್ನಷ್ಟಕ್ಕೆ ತಾನು ಎಂದುಕೊಂಡು. ಅವಳ ದನಿ ತನ್ನಷ್ಟಕ್ಕೆ ತಾನೇ ಎನ್ನುವ ಜಾತಿಯದಲ್ಲ.

ಮೊದಲು ಕದಲಿದ್ದು ಇಸ್ತ್ರಿಯಮ್ಮನ ಹೆಗಲು. ಆಮೇಲೆ ಕನ್ನಡಕ. ಕೊನೆಗೆ ಬಾಯಿ. ಅವರು ನಕ್ಕ ನಗುವಿಗೆ ಮಿಷನ್ನುಗಳ ದಾರದ ಬಾಬಿನ್‌ಗಳು ತಾವಾಗಿ ತಿರುಗಿದವು, ಕಿಟಕಿಯ ಮೇಲಿದ್ದ ಪಾರಿವಾಳಗಳು ಊರು ಬಿಟ್ಟು ಹೋಗಿ ಇನ್ನೂ ಬಂದಿಲ್ಲ, ಕೆಳಗಿನ ಬೇಕರಿಯಲ್ಲಿ ಬ್ರೆಡ್ಡು ಎರಡು ಪಟ್ಟು ಉಬ್ಬಿತು. ಬೇಕರಿಯವನನ್ನು ಬೇಕಾದರೆ ಕೇಳಿ. ಒಂದು ಕಡೆಯ ಕೆನ್ನೆಯಲ್ಲಿ ಮಾತ್ರ ಗುಳಿ ಬಿದ್ದದ್ದನ್ನು ಎಲ್ಲರೂ ಕಂಡರು.

"ಅಯ್ಯೋ, ತೆಗೀರಿ ಅದನ್ನ," ಎಂದು ಕಣ್ಣು ಒರೆಸಿಕೊಂಡರು. "ಈ ಮನುಷ್ಯನ ಮೂಗು ನನಗ್ಯಾಕೆ ಅಂಟಿಸ್ತೀರಿ."

ಇದ್ದಿಲು ತೆಗೆಯಲು ಕೈ ಹಾಕಿದಳು. "ಇರು," ಎಂದರು ಇಸ್ತ್ರಿಯಮ್ಮ.

ಈಗ ನಗು ಇರಲಿಲ್ಲ. ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ಬೆರಳು ಮುಖದ ಮೇಲಿರಲಿಲ್ಲ, ಕೆಳಗೆ ಕೊರಳಿನ ಮೇಲಿತ್ತು. ಗುಂಡಿ ನನ್ನ ಅಂಗಿಯ ಕಾಲರನ್ನು ಇದ್ದ ಹಾಗೇ ಬರೆದಿದ್ದಳು, ಈಟಿಯಂತೆ ಚೂಪು. ಡ್ರೈವರಣ್ಣ ಇಸ್ತ್ರಿಯಮ್ಮನ ಕಾಲರನ್ನು ಎಲೆಯಂತೆ ದುಂಡಗೆ ಬರೆದಿದ್ದ. ಎರಡೂ ಕತ್ತಿನ ನಡುವೆ ಬಂದು ಒಂದರ ಪಕ್ಕ ಒಂದು ಕೂತಿದ್ದವು, ಹುಟ್ಟಿದಾಗಿನಿಂದ ಜೊತೆಗಿದ್ದವರಂತೆ.

"ಮಾಸ್ಟ್ರೇ," ಎಂದರು. "ಒಂದು ಕಡೆ ಚೂಪು, ಒಂದು ಕಡೆ ದುಂಡು. ಹೀಗೆ ಕಾಲರ್ ಹೊಲೀಬಹುದಾ?"

"ಮಡಿಕೆ ಮೇಲೆ ಆಗಲ್ಲ," ಎಂದೆ. ಬಾಯಿಂದ ನಿಜ ಜಾರಿತು. "ಎರಡು ಕಡೇನೂ ಬೇರೆ ಬೇರೆ ಬರೀಬೇಕು."

"ನಾವೀಗ ಬರೀತೀವಲ್ಲ," ಎಂದ ಡ್ರೈವರಣ್ಣ.

ಆ ಸಂಜೆ ಯಾರೂ ಮನೆಗೆ ಹೊರಡುವ ಮಾತೆತ್ತಲಿಲ್ಲ. ಡ್ರೈವರಣ್ಣ ದುಂಡು ಬರೆದ, ಗುಂಡಿ ಚೂಪು ಬರೆದಳು. ಕತ್ತಿನ ನಡುವೆ ಎರಡೂ ತಾಗುವ ಜಾಗದಲ್ಲಿ ಜಗಳ ಶುರುವಾಯಿತು. "ನಿಮ್ಮದು ದಾರಿ ಬಿಡ್ಬೇಕು," ಎಂದಳು ಗುಂಡಿ. "ಬಸ್ಸಿಗೆ ಯಾರು ದಾರಿ ಕೇಳ್ತಾರಮ್ಮ," ಎಂದ ಡ್ರೈವರಣ್ಣ, ಆದರೂ ಬಿಟ್ಟ. ಕತ್ತರಿಸಿದ್ದು ನಾನು. ಕತ್ತರಿ ಎಂಥ ಉತ್ಸಾಹದಲ್ಲಿತ್ತೆಂದರೆ, ಕಾಲರ್ ಮುಗಿದ ಮೇಲೂ ನಿಲ್ಲದೆ ಟೇಬಲ್ಲಿನ ಅಂಚಿಗೆ ಬಾಯಿ ಹಾಕಿತ್ತು. ಇಸ್ತ್ರಿಯಮ್ಮ ಸ್ಟೂಲಿನ ಮೇಲೆ ಕೂತು, ಕೆನ್ನೆ ಕಚ್ಚಿಕೊಂಡು, ಹೊಲಿಗೆ ಬೀಳುವುದನ್ನೇ ನೋಡುತ್ತಿದ್ದರು. ಕೊನೆಯ ದಾರ ಕಡಿದು ಕಾಲರನ್ನು ತಿರುಗಿಸಿ ಹಾಸಿದಾಗ ಅವರು ಎದ್ದು ಬಂದು ಅದರ ಮೇಲೆ ಕೈಯಾಡಿಸಿದರು.

"ಇದು ಓಡುತ್ತೆ," ಎಂದರು.

ಇದ್ದಿಲು ಗೋಡೆಗೆ ಒರಗಿ ನಿಂತಿದ್ದಳು. ಇಸ್ತ್ರಿಯಮ್ಮ ಅವಳತ್ತ ತಿರುಗಿ, "ಆ ನಂಬರ್ ಪ್ಲೇಟಿನವನಿಗೆ ಹೇಳಿ ಬಂದ್ಬಿಡು. ಬೇರೆಯವರನ್ನ ನೋಡ್ಕೊಳ್ಳಲಿ," ಎಂದರು. "ಖಾಯಂ ಅಂದ್ರೆ ಖಾಯಂ."

"ಮಾವ, ನೀವೂ ಬನ್ನಿ ಜೊತೆಗೆ," ಎಂದಳು ಇದ್ದಿಲು. "ದಾರೀಲಿ ನಿಮ್ಮ ಹತ್ರ ಸ್ವಲ್ಪ ಮಾತಾಡೋದಿದೆ."

"ಕೃತಜ್ಞತೆ ಎಲ್ಲ ಬೇಡ ಮಗಳೇ," ಎಂದೆ. "ಮನೆಯವರ ನಡುವೆ ಅದೆಲ್ಲ ಯಾಕೆ."

ಈಗ ಕಿಟಕಿಯ ಬೊಂಬೆ ಆ ಕಾಲರಿನ ಹೊಸ ಅಂಗಿಯನ್ನೇ ಹಾಕಿಕೊಂಡು ನಿಂತಿದೆ. ಎದುರಿನ ಅಂಗಡಿಯವನು ದಿನಾ ಬಾಗಿಲಿಗೆ ಬಂದು ನಿಂತು ನೋಡುತ್ತಾನೆ, ಹಾಗೆ ನೋಡಿ ನೋಡಿ ಅವನ ಕತ್ತು ಒಂದು ಕಡೆ ಉದ್ದವಾಗಿದೆ. ಆ ಕಾಲರಿಗೆ ನನ್ನ ಹೆಸರಿಡಬೇಕು ಎಂದು ನಾನೇನೂ ಹಟ ಹಿಡಿಯಲಿಲ್ಲ, ಸೂಚಿಸಿದೆ ಅಷ್ಟೇ. ಅವರೆಲ್ಲ ಸೇರಿ ಇಟ್ಟ ಹೆಸರು ಮೂಗು ಕಾಲರ್. ಇರಲಿ.

ಇಸ್ತ್ರಿಯಮ್ಮ ಮರುದಿನವೇ ಗಾಜಿನ ಕೋಣೆಯಿಂದ ಹೊರಗೆ ಬಂದು ತಮಗೂ ಒಂದು ಪುಸ್ತಕ ಹೊಲಿದುಕೊಡಲು ಹೇಳಿದರು. ಡ್ರೈವರಣ್ಣ ಹೊಲಿದುಕೊಟ್ಟ. ಅವರು ಮೊದಲ ಪುಟ ತೆರೆದು, ಪೆನ್ಸಿಲ್ ಹಿಡಿದು, ಬಹಳ ಹೊತ್ತು ಕೂತರು.

"ನೀನೇ ಹಾಳು ಮಾಡಿಕೊಡೇ," ಎಂದರು ಇದ್ದಿಲಿಗೆ. "ನನಗೆ ಕೈ ಬರ್ತಿಲ್ಲ."

"ಅದೊಂದು ನೀವೇ ಮಾಡ್ಬೇಕಮ್ಮ."

ಇಡೀ ತರಗತಿ ಮಿಷನ್ ನಿಲ್ಲಿಸಿ ನೋಡುತ್ತಿತ್ತು. ಇಸ್ತ್ರಿಯಮ್ಮ ಸುತ್ತ ಕಣ್ಣಾಡಿಸಿ, ನನ್ನ ಟೀ ಲೋಟದಲ್ಲಿ ಬೆರಳದ್ದಿ, ಕಣ್ಣು ಮುಚ್ಚಿಕೊಂಡು ಪುಟದ ಮೇಲೆ ಒಂದು ಹನಿ ಬೀಳಿಸಿದರು. ಹನಿ ಹರಡಿತು, ಮೇಲೆ ಸಣ್ಣಗೆ, ಕೆಳಗೆ ದಪ್ಪಗೆ, ತುದಿಯಲ್ಲಿ ಒಂಚೂರು ಬಾಗಿ.

"ಇದೇನು ಅಂತ ನೋಡಿ ಈಗ," ಎಂದಳು ಇದ್ದಿಲು.

ಇಸ್ತ್ರಿಯಮ್ಮ ಒಂದು ಕಣ್ಣು ತೆರೆದು ಪುಟ ನೋಡಿದರು, ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದರು. ಕೆನ್ನೆಯ ಗುಳಿ ಮತ್ತೆ ಬಿತ್ತು.

"ಬಿಡೋ ಹಾಗೆ ಕಾಣಲ್ಲ ಈ ಮೂಗು," ಎಂದು ಅದಕ್ಕೆ ಮೀಸೆ ಬರೆಯತೊಡಗಿದರು, ಎರಡೂ ಕಡೆ, ಬೇರೆ ಬೇರೆಯಾಗಿ.